ಮುತ್ತುಗ ಅರಳುವ ಹೊತ್ತಿಗೆ ದೇವರಾಯನದುರ್ಗದ ಕಾಡು

ಬೇಸಿಗೆಯಲ್ಲಿ ಕಾಡಿಗೆ ಹೋಗಿ ಏನು ನೋಡ್ತೀರಾ, ಎಲ್ಲ ಒಣಗಿ ನಿಂತಿರುತ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಕೇಳಿದರೆ, ತುಮಕೂರಿನ ಹತ್ತಿರ ಇರುವ ದೇವರಾಯನದುರ್ಗದ ಕಾಡು ನೋಡಬೇಕಾದದ್ದೇ ಶಿವರಾತ್ರಿ ಕಳೆದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ. ಎಲೆ ಉದುರಿರುವುದರಿಂದಲೇ ಹೂವು ಕಾಣುತ್ತದೆ, ಹಕ್ಕಿ ಕಾಣುತ್ತದೆ.

ಮೊದಲು ಕಣ್ಣಿಗೆ ಬೀಳುವುದು ಮುತ್ತುಗ. ದೂರದಿಂದ ನೋಡಿ ಬರೀ ಕೇಸರಿ ಬಣ್ಣ ಅಂದುಕೊಂಡು ಮುಂದೆ ಹೋಗಬೇಡಿ, ಬಗ್ಗಿರುವ ಒಂದು ಕೊಂಬೆಯ ಹತ್ತಿರ ಸುಮ್ನೆ ನಿಂತುಕೊಳ್ಳಿ. ಮೊಗ್ಗಿನ ತೊಟ್ಟಿನ ಕಡೆ ಕಪ್ಪುಗಂದು ಬಣ್ಣದ ಬಟ್ಟಲು, ಮುಟ್ಟಿದರೆ ಮಖಮಲ್ಲು. ಅದರೊಳಗಿಂದ ಹೊರಬರುವ ಎಸಳುಗಳಲ್ಲಿ ಒಂದು ಗಿಳಿಯ ಕೊಕ್ಕಿನ ಹಾಗೆ ಬಾಗಿರುತ್ತದೆ. ಸುವಾಸನೆ ಇಲ್ಲ, ಆದರೆ ಒಳಗೆ ಮಕರಂದ ಜಾಸ್ತಿ. ಅದಕ್ಕೇ ಬೆಳಿಗ್ಗೆ ಈ ಮರದಲ್ಲಿ ಅಷ್ಟು ಗಲಾಟೆ. ಸೂರಕ್ಕಿ, ಗೊರವಂಕ, ಕಾಜಾಣ, ಅಳಿಲು ಎಲ್ಲವೂ ಒಂದೇ ಕೊಂಬೆಗೆ ಜಗಳ ಆಡುತ್ತವೆ. ಹೂವಿಗೆ ತಲೆ ತೂರಿಸಿದ ಹಕ್ಕಿಯ ಮೈಗೆ ಪರಾಗ ಮೆತ್ತಿಕೊಂಡು ಮುಂದಿನ ಮರಕ್ಕೆ ಹೋಗುತ್ತದೆ, ಮರಕ್ಕೆ ಬೇಕಾದದ್ದೂ ಅದೇ ಅಲ್ವಾ? ಊಟದ ಎಲೆ ಹಚ್ಚುವುದಕ್ಕೆ ಮುತ್ತುಗದ ಎಲೆ ಕಿತ್ತು ತಂದವರಿಗೆ ಈ ಮರ ಗೊತ್ತು, ಆದರೆ ಈಗ ಅದರ ಮೈಮೇಲೆ ಎಲೆಯೇ ಇರುವುದಿಲ್ಲ.

ಈ ಬೆಟ್ಟದ ನಿಜವಾದ ಒಡೆಯ ಮಾತ್ರ ಜಾಲಾರಿ ಮರ. ಫೆಬ್ರವರಿ, ಮಾರ್ಚ್‌ನಲ್ಲಿ ಇದರ ತಿಳಿಬಣ್ಣದ ಹೂವು ಅರಳುತ್ತದೆ, ಮರ ಕಾಣುವ ಮೊದಲೇ ಪರಿಮಳ ಬರುತ್ತದೆ. ಆಮೇಲೆ ರೆಕ್ಕೆ ಇರುವ ಕಾಯಿ ಬಿಡುತ್ತದೆ, ಉದ್ದದ ಮೂರು ರೆಕ್ಕೆ, ಗಿಡ್ಡದ ಎರಡು. ಬಲಿತಾಗ ಗಾಳಿಗೆ ಗಿರಗಿರ ತಿರುಗುತ್ತಾ ಬೀಳುತ್ತವೆ. ಈ ಬೀಜ ಜಾಸ್ತಿ ದಿನ ಬದುಕುವುದಿಲ್ಲ, ಮುಂಗಾರಿನ ಮುಂಚಿನ ಮಳೆ ಬಿದ್ದ ಕೂಡಲೇ ಮೊಳೆಯಬೇಕು.

ಅದಕ್ಕೇ ಬೆಂಕಿ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಒಣ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಹೊಸ ಹುಲ್ಲು ಬರಲಿ ಅಂತ ಬೇಕಂತಲೇ ಹಚ್ಚುವವರೂ ಇದ್ದಾರೆ. ದೊಡ್ಡ ಮರ ಹೇಗೋ ಉಳಿದುಕೊಳ್ಳುತ್ತದೆ, ನೆಲದಲ್ಲಿರುವ ಸಸಿ, ಬೀಜ, ನೆಲದ ಮೇಲೆಯೇ ಗೂಡು ಮಾಡುವ ಗೌಜಲಹಕ್ಕಿಯ ಮೊಟ್ಟೆ ಉಳಿಯುವುದಿಲ್ಲ. ಹೊಗೆ ಕಂಡರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಬಿಸಿಲು ಏರುತ್ತಿದ್ದ ಹಾಗೆ ಬಂಡೆಗಳ ಕಡೆ ನೋಡಿ. ಅಲ್ಲಿ ಬಂಡೆ ಓತಿ ಕೂತಿರುತ್ತದೆ. ಹೆಣ್ಣು ಬಂಡೆಯದೇ ಬಣ್ಣ, ಕಣ್ಣಿಗೆ ಸಿಗುವುದು ಕಷ್ಟ. ಗಂಡು ಹಾಗಲ್ಲ, ಬೆದೆಗೆ ಬಂದಾಗ ಬೆನ್ನು ಕೆಂಪು, ಪಕ್ಕೆ ಕಪ್ಪು. ಎತ್ತರದ ಬಂಡೆ ಹತ್ತಿ ಮುಂಗಾಲಿನ ಮೇಲೆ ಮೈ ಮೇಲೆ ಕೆಳಗೆ ಮಾಡಿ ಇದು ನನ್ನ ಜಾಗ ಅಂತ ಸಾರುತ್ತದೆ. ಇನ್ನೊಂದು ಗಂಡು ಎದುರಾದರೆ ನೋಡನೋಡುತ್ತಿದ್ದಂತೆ ಮೈಯ ಬಣ್ಣ ಬದಲಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಅದೇ ಬಂಡೆಗಳ ನಡುವಿನ ಪೊದೆಗಳಲ್ಲಿ ಅದೃಷ್ಟ ಇದ್ದರೆ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ಊರಿನಲ್ಲಿ ಕಾಣುವ ಪಿಕಳಾರಗಳ ಹಾಗೆ ಜುಟ್ಟಿಲ್ಲ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಕಲ್ಲುಗುಡ್ಡ ಒಡೆದು ಜಲ್ಲಿ ಮಾಡಿದರೆ ಇದಕ್ಕೆ ಹೋಗುವುದಕ್ಕೆ ಇನ್ನೊಂದು ಜಾಗ ಇಲ್ಲ.

ನೆಲದ ಮಟ್ಟದಲ್ಲೂ ಹೂವಿಗೆ ಬರ ಇಲ್ಲ. ದಾರಿಯ ಬದಿಯಲ್ಲಿ ತಂಗಡಿಯ ಹಳದಿ, ಎಕ್ಕದ ಹೂವಿಗೆ ಜೋತುಬಿದ್ದ ಕಪ್ಪು ದುಂಬಿ. ಹೊಂಗೆಯ ಹೊಸ ಚಿಗುರಂತೂ ಬಿಸಿಲಿಗೆ ಮಿರಮಿರ ಮಿಂಚುತ್ತದೆ.

ಬರುವವರು ಬೆಳಿಗ್ಗೆ ಬೇಗ ಬನ್ನಿ, ಹತ್ತು ಗಂಟೆ ಮೇಲೆ ಬಂಡೆ ಕಾದು ನಡೆಯುವುದು ಕಷ್ಟ. ನೀರು ಜಾಸ್ತಿ ತನ್ನಿ, ಬಾಟಲಿ ವಾಪಸ್ ಒಯ್ಯಿರಿ. ಬಂಡೆಯಿಂದ ನೀರು ಚಿಮ್ಮುವ ನಾಮದ ಚಿಲುಮೆಯ ಹತ್ತಿರ ಮಂಗಗಳಿಗೆ ತಿಂಡಿ ಕೊಡಬೇಡಿ. ಮಾರ್ಚ್‌ನಲ್ಲಿ ಆಗದಿದ್ದರೆ ಏಪ್ರಿಲ್ ಕೊನೆಗಾದರೂ ಬನ್ನಿ, ಮುತ್ತುಗ ಮುಗಿದಿರುತ್ತದೆ, ಕಕ್ಕೆ ಮರದ ಹಳದಿ ಹೂವು ಶುರುವಾಗಿರುತ್ತದೆ.