ಅವ್ವ ತಿರುವಿ ಹಾಕಿಕೊಂಡ ಶಾಲು

ನಮ್ಮ ಕೊಪ್ಪಳ ಬಿಸಿಲೂರು ನಿಜ. ಆದರೆ ಜನವರಿಯ ನಸುಕಿನಲ್ಲಿ ಗವಿಮಠಕ್ಕೆ ಹೊರಟರೆ ಅವ್ವನ ಹೆಗಲು ಗಡಗಡ ನಡುಗುತ್ತದೆ. ಉಲ್ಲನ್ ಅವಳಿಗೆ ಚುಚ್ಚುತ್ತದೆ. ಅದಕ್ಕೇ ಈ ಸಲ ಹತ್ತಿ ನೂಲಲ್ಲಿ ಮೂರು ಮೂಲೆಯ ಶಾಲು ಹೆಣೆದೆ. ಕೆಂಪು, ಹಳದಿ, ಹಸಿರು, ನೀಲಿ. ಶೋಕೇಸಿನಲ್ಲಿರುವ ಕಿನ್ನಾಳದ ಗೊಂಬೆ ನೋಡಿಯೇ ಆರಿಸಿದ ಬಣ್ಣಗಳು.

ಶುರುವಿಗೆ ಕಡ್ಡಿ ಮೇಲೆ ಬರೀ 7 ಕುಣಿಕೆ. ಎರಡು ಸಾಲಿಗೊಮ್ಮೆ 4 ಹೆಚ್ಚಿಸುತ್ತಾ ಹೋಗಬೇಕು. ಎರಡೂ ತುದಿಯಲ್ಲಿ ಒಂದೊಂದು, ನಟ್ಟನಡುವಿನ ಕುಣಿಕೆಯ ಆಚೆ ಈಚೆ ಒಂದೊಂದು. ಅಷ್ಟೇ, ತ್ರಿಕೋನ ತಾನಾಗಿಯೇ ಅಗಲವಾಗುತ್ತದೆ. ಮೊದಲ ದಿನ ಒಂದು ಸಾಲಿಗೆ ನಿಮಿಷವೂ ಹಿಡಿಯಲಿಲ್ಲ. 140 ಸಾಲಿಗೆ ಬಂದಾಗ 287 ಕುಣಿಕೆ! ರೈಲಿನಲ್ಲಿ ಕೊಪ್ಪಳ ಬಿಟ್ಟಾಗ ಹಿಡಿದ ಸಾಲು ಮುನಿರಾಬಾದ್ ದಾಟಿದರೂ ಮುಗಿಯುತ್ತಿರಲಿಲ್ಲ.

ಲೆಕ್ಕ ತಪ್ಪಿದ್ದೂ ಇಲ್ಲೇ. 100 ಸಾಲಾದಾಗ ಮುಕ್ಕಾಲು ಕೆಲಸ ಆಯ್ತು ಅಂದುಕೊಂಡಿದ್ದೆ. ನೂಲು ನೋಡಿದರೆ ಆಗಿದ್ದು ಅರ್ಧ ಮಾತ್ರ. ಕೊನೆಯ 40 ಸಾಲು ಉಳಿದರ್ಧ ನೂಲನ್ನು ನುಂಗುತ್ತವೆ. ಅಂಚಿಗೆ ಕೆಂಪು ನೂಲು ಸಾಲಲೇ ಇಲ್ಲ. ಅಂಚನ್ನು ಹಳದಿಯಲ್ಲಿ ಮುಗಿಸಿದೆ. ನೀವು ಹೆಣೆಯುವುದಾದರೆ ಅಂಚಿನ ಬಣ್ಣ ಮೊದಲೇ ತೂಗಿ ಎತ್ತಿಡಿ.

ಎಲ್ಲಾ ಕಡೆ ಒಂದೇ ಹೆಣಿಗೆ ನನಗೆ ಹಿಡಿಸುವುದಿಲ್ಲ. ಒಂದು ಪಟ್ಟಿ ಬರೀ ಸೀದಾ, ಇನ್ನೊಂದು ಪಟ್ಟಿ ಒಂದು ಸೀದಾ ಒಂದು ಉಲ್ಟಾ. ಸೀದಾ ಕುಣಿಕೆ ನಮ್ಮ ಎದುರಿಗೆ ನುಣುಪು, ಉಲ್ಟಾ ಕುಣಿಕೆ ಉಬ್ಬು. ಮುಂದಿನ ಸಾಲಿನಲ್ಲಿ ಅದನ್ನೇ ಅದಲುಬದಲು ಮಾಡಿದರೆ ಬಟ್ಟೆಯ ಮೇಲೆ ಜೋಳದ ಕಾಳು ಹರವಿದ ಹಾಗೆ ಉಬ್ಬು ಏಳುತ್ತವೆ. ಕಣ್ಣು ಮುಚ್ಚಿ ಸುಮ್ನೆ ಬೆರಳಾಡಿಸಿದರೂ ಪಟ್ಟಿ ಬದಲಾದದ್ದು ಗೊತ್ತಾಗುತ್ತದೆ. ಬಣ್ಣ ಬದಲಿಸುವ ಸಾಲನ್ನು ಮುಂಬದಿಯಲ್ಲಿ ಸೀದಾ ಹೆಣೆದರೆ ಗೆರೆ ಅಚ್ಚುಕಟ್ಟು. ಹಿಂಬದಿಯಲ್ಲಿ ಮಾತ್ರ ಹಳೆ ಬಣ್ಣದ ಚುಕ್ಕೆ ಹೊಸ ಬಣ್ಣದೊಳಗೆ ಇಣುಕುತ್ತದೆ.

ನೀರಲ್ಲಿ ನೆನೆಸಿ, ಟವೆಲ್ಲಿನಲ್ಲಿ ಸುತ್ತಿ ಹಿಂಡಿ, ಗಾದಿ ಮೇಲೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಿಸಿದೆ. ಅವ್ವ ಶಾಲು ತೊಡೆ ಮೇಲೆ ಹರವಿಕೊಂಡು ಬಹಳ ಹೊತ್ತು ಸವರಿದಳು. ಆಮೇಲೆ ತಿರುವಿ ಹಾಕಿದಳು.

"ಈ ಬಾಜೂನ ಚಲೋ ಐತಿ ನೋಡವಾ. ನಮ್ಮವ್ವ ಹೊಲಿದ ಕೌದಿ ಹಂಗ ಕಾಣತೈತಿ."

ನಾನು ಆ ಬದಿಯನ್ನು ಅಷ್ಟು ಗಮನವಿಟ್ಟು ನೋಡಿಯೇ ಇರಲಿಲ್ಲ. ಅವಳ ಮಾತು ನಿಜ. ಚೂರು ಚೂರು ಬಣ್ಣ, ಒಂದರ ಪಕ್ಕ ಒಂದು, ಅಜ್ಜಿಯ ಕೌದಿಯೇ. ಹಾಗೇ ತಿರುವಿ ಹೊದ್ದುಕೊಂಡು ಕನ್ನಡಿ ಮುಂದೆ ನಿಂತಳು.

ಹಿಂಬದಿ ಕಾಣುವುದಿಲ್ಲ ಅಂತ ನೂಲಿನ ತುದಿಗಳನ್ನು ಹೇಗೋ ಸಿಕ್ಕಿಸಿದ್ದೆ. ಈಗ ಒಂದೊಂದನ್ನೇ ಬಿಚ್ಚಿ, ಅದೇ ಬಣ್ಣದ ಸಾಲಿನೊಳಗೆ ಸೂಜಿಯಿಂದ ಅಡಗಿಸುತ್ತಿದ್ದೇನೆ. ಒಟ್ಟು 22 ತುದಿ. ಇನ್ನೂ 8 ಉಳಿದಿವೆ, ಗವಿಮಠದ ಜಾತ್ರೆಗೆ ನಾಲ್ಕು ದಿನ ಇದೆ.