ತಣ್ಣಗಿದ್ದಾಗ ಮಾತ್ರ ಕಾಣಿಸಿಕೊಂಡ ದೋಷ

ವಾರಂಟಿಯಡಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡಿಗೂ ನಡುವಿನ ಸೀಲ್) ಬದಲಾಯಿಸಿಕೊಂಡು ಬಂದ ನಮ್ಮ ಕಾರು ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲೆ, ರಾತ್ರಿಯಿಡೀ ನಿಂತಿದ್ದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಅದುರತೊಡಗಿತು. ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಕಿವಿಗೇ ಗೊತ್ತಾಗುತ್ತಿತ್ತು. ಅರ್ಧ ನಿಮಿಷದಲ್ಲಿ ಅದುರುವಿಕೆ ನಿಂತರೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಇನ್ನೂ ಸ್ವಲ್ಪ ಹೊತ್ತು ಬರುತ್ತಿತ್ತು, ಅದಕ್ಕೆ ಸಿಹಿ ವಾಸನೆಯಿತ್ತು. ಚಳಿಯಲ್ಲಿ ಯಾವ ಕಾರಿನಿಂದಲಾದರೂ ನೀರಾವಿ ಬರುತ್ತದೆ, ಆದರೆ ಆ ಸಿಹಿ ವಾಸನೆ ಕೂಲಂಟ್‌ನಲ್ಲಿರುವ ಗ್ಲೈಕಾಲ್‌ನದು. ಎಂಜಿನ್ನಿನ ಸುತ್ತ ಹರಿಯಬೇಕಾದ ಕೂಲಂಟ್ ಸಿಲಿಂಡರ್‌ನೊಳಗೆ ಸುಡುತ್ತಿದೆ ಎಂದರೆ, ಯಾವ ಕೆಲಸ ಮುಗಿದಿದೆಯೆಂದು ಡೀಲರ್ ಸಹಿ ಹಾಕಿಕೊಟ್ಟಿದ್ದರೋ ಅದೇ ಕೆಲಸ ಕೆಟ್ಟಿದೆ ಎಂದರ್ಥ.

ಸರ್ವಿಸ್ ಅಡ್ವೈಸರ್ ಸೌಜನ್ಯದಿಂದಲೇ ಕೇಳಿಸಿಕೊಂಡರು. ಕೂಲಂಟ್ ಮಟ್ಟ ಇಳಿಯುತ್ತಿದೆ ಎಂದಾಗ, ಹೊಸದಾಗಿ ತುಂಬಿಸಿದ ಕೂಲಂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಂದಂತೆ ಮಟ್ಟ ಇಳಿಯುವುದು ಸಹಜ ಎಂದರು. ಈ ಮಾತು ಸುಳ್ಳಲ್ಲ. ಕೂಲಿಂಗ್ ವ್ಯವಸ್ಥೆಯನ್ನು ಬರಿದುಮಾಡಿ ತುಂಬಿಸಿದ ಮೇಲೆ ಹಾಗಾಗುತ್ತದೆ. ಆದರೆ ಗಾಳಿ ಹೊರಹೋದ ಮೇಲೆ ಮಟ್ಟ ಒಂದು ಕಡೆ ನಿಲ್ಲಬೇಕು. ನಮ್ಮದು ನಿಲ್ಲಲೇ ಇಲ್ಲ. ತಣ್ಣಗಿನ ಎಂಜಿನ್‌ನಲ್ಲಿ, ಅದೇ ಸಮತಟ್ಟಾದ ಜಾಗದಲ್ಲಿ, ಟ್ಯಾಂಕಿನ ಗೆರೆಗಳು ಸ್ಪಷ್ಟವಾಗಿ ಕಾಣುವಂತೆ ತೆಗೆದ ಫೋಟೋಗಳನ್ನು ತೋರಿಸಿದ ಮೇಲೆಯೇ ಅವರು ಕಾರನ್ನು ಒಳಗೆ ತೆಗೆದುಕೊಂಡದ್ದು.

ಸಂಜೆ ಸಿಕ್ಕ ಕಾಗದದಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಅಚ್ಚಾಗಿತ್ತು. ಪರೀಕ್ಷೆ ಮಾಡದೆ ಹಾಗೆ ಬರೆದರು ಎಂದು ನಾನು ಹೇಳುವುದಿಲ್ಲ. ಕೂಲಿಂಗ್ ವ್ಯವಸ್ಥೆಗೆ ಪಂಪ್‌ನಿಂದ ಒತ್ತಡ ಕೊಟ್ಟು ನೋಡಿದ್ದರು, ಒತ್ತಡ ನಿಂತಿತ್ತು. ಕೂಲಂಟ್‌ನಲ್ಲಿ ದಹನದ ಅನಿಲ ಸೇರಿದ್ದರೆ ನೀಲಿಯಿಂದ ಹಳದಿಗೆ ತಿರುಗುವ ರಾಸಾಯನಿಕ ದ್ರವದ ಪರೀಕ್ಷೆಯನ್ನೂ ಮಾಡಿದ್ದರು, ದ್ರವ ನೀಲಿಯಾಗಿಯೇ ಉಳಿದಿತ್ತು. ಆದರೆ ಎರಡನ್ನೂ ಮಾಡಿದ್ದು, ಓಡಿಸಿಕೊಂಡು ಹೋದ ಬಿಸಿ ಎಂಜಿನ್ನಿನ ಮೇಲೆ. ಬಿಸಿಯಾದಾಗ ಲೋಹ ಹಿಗ್ಗಿ ಸಣ್ಣ ಸಂದು ಮುಚ್ಚಿಕೊಳ್ಳುತ್ತದೆ, ತಣ್ಣಗಾದಾಗ ಮತ್ತೆ ತೆರೆದುಕೊಳ್ಳುತ್ತದೆ; ಎಂಜಿನ್ ನಿಲ್ಲಿಸಿದ ಮೇಲೂ ವ್ಯವಸ್ಥೆಯಲ್ಲಿ ಕೆಲಹೊತ್ತು ಉಳಿಯುವ ಒತ್ತಡವೇ ಕೂಲಂಟನ್ನು ಆ ಸಂದಿನಿಂದ ಸಿಲಿಂಡರ್‌ಗೆ ತಳ್ಳುತ್ತದೆ. ಬೆಳಗಿನ ಅರ್ಧ ನಿಮಿಷ ಇರುವ ದೋಷವನ್ನು ಮಧ್ಯಾಹ್ನ ಹುಡುಕಿ, ಸಿಗಲಿಲ್ಲವೆಂದು ಬರೆದುಕೊಟ್ಟರೆ ಅದನ್ನು ತಪಾಸಣೆ ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಇದಕ್ಕಿಂತ ನನ್ನನ್ನು ಕೆರಳಿಸಿದ್ದು ಇನ್ನೊಂದು ಸಂಗತಿ. ಕಾರು ಕೊಡುವಾಗ ಚೆಕ್ ಎಂಜಿನ್ ದೀಪ ಉರಿಯುತ್ತಿತ್ತು, ವಾಪಸು ಬಂದಾಗ ಆರಿತ್ತು. ಕಾರಿನ ಕಂಪ್ಯೂಟರ್‌ನಲ್ಲಿ ಯಾವ ದೋಷದ ಕೋಡ್ ಇತ್ತು ಎಂದು ಕೇಳಿದರೆ, ‘ಹಳೆಯ ಕೋಡ್ ಇತ್ತು, ಕ್ಲಿಯರ್ ಮಾಡಿದ್ದೇವೆ’ ಎಂಬ ಉತ್ತರ ಬಂತು. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ವೇಗ ಎಷ್ಟಿತ್ತು, ಕೂಲಂಟ್‌ನ ಉಷ್ಣಾಂಶ ಎಷ್ಟಿತ್ತು, ಎಷ್ಟು ಹೊರೆ ಇತ್ತು ಎಂಬುದನ್ನೆಲ್ಲ ಕಾರಿನ ಕಂಪ್ಯೂಟರ್ ‘ಫ್ರೀಜ್ ಫ್ರೇಮ್’ ಎಂಬ ಹೆಸರಿನಲ್ಲಿ ಹಿಡಿದಿಡುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ. ರೋಗಿಯ ಹಳೆಯ ರಿಪೋರ್ಟ್ ಹರಿದುಹಾಕಿ ನಿಮಗೇನೂ ಆಗಿಲ್ಲ ಎಂದಂತಾಯಿತು ಇದು.

ಹಾಗಾಗಿ ಒಬಿಡಿ ಪೋರ್ಟ್‌ಗೆ (ಕಾರಿನ ಕಂಪ್ಯೂಟರ್‌ನ ಮಾಹಿತಿ ಓದಲು ಇರುವ ಸಾಕೆಟ್‌ಗೆ) ಸಿಕ್ಕಿಸುವ ಚಿಕ್ಕ ಸ್ಕ್ಯಾನರ್ ಒಂದನ್ನು ನಾನೇ ತಂದುಕೊಂಡೆ. ಮುಂದಿನ ಸಲ ಅದುರಿದಾಗ ದೀಪ ಮಿನುಗಿತು. ಸ್ಥಿರವಾಗಿ ಉರಿಯುವ ದೀಪಕ್ಕೂ ಮಿನುಗುವ ದೀಪಕ್ಕೂ ಬಹಳ ವ್ಯತ್ಯಾಸವಿದೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹಾನಿಯಾಗುವ ಮಟ್ಟದ ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ನಡೆಯುತ್ತಿದೆ ಎಂಬ ಎಚ್ಚರಿಕೆ ಅದು. ಸ್ಕ್ಯಾನರ್ ತೋರಿಸಿದ ಕೋಡ್ ಪಿ0303, ಅಂದರೆ 3ನೇ ಸಿಲಿಂಡರ್‌ನ ಮಿಸ್‌ಫೈರ್. ಫ್ರೀಜ್ ಫ್ರೇಮ್‌ನಲ್ಲಿದ್ದ ಕೂಲಂಟ್ ಉಷ್ಣಾಂಶ ಹೊರಗಿನ ಗಾಳಿಯ ಉಷ್ಣಾಂಶದಷ್ಟೇ ಇತ್ತು, ಎಂದರೆ ದೋಷ ಹುಟ್ಟಿದ್ದು ಎಂಜಿನ್ ಪೂರ್ತಿ ತಣ್ಣಗಿದ್ದಾಗಲೇ. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬ ಲೆಕ್ಕವನ್ನೂ ಆ ಕಂಪ್ಯೂಟರ್ ಇಟ್ಟುಕೊಂಡಿರುವುದರಿಂದ, ‘ಹಳೆಯ ಕೋಡ್’ ಎಂಬ ಮಾತಿಗೆ ಇನ್ನು ಜಾಗವಿರಲಿಲ್ಲ. ಇದೆಲ್ಲದರ ಚಿತ್ರ ತೆಗೆದುಕೊಂಡು, ಏನನ್ನೂ ಅಳಿಸದೆ, ಕಾರನ್ನು ಒಯ್ದೆ.

ಈ ಸಲ ನಾನು ಪಟ್ಟು ಹಿಡಿದದ್ದು ಜಾಬ್ ಕಾರ್ಡ್‌ನ ವಿಷಯದಲ್ಲಿ. ಅಡ್ವೈಸರ್ ‘ಗ್ರಾಹಕರ ದೂರು: ಎಂಜಿನ್ ರಫ್, ಜನರಲ್ ಚೆಕಪ್’ ಎಂದು ಟೈಪ್ ಮಾಡಿದ್ದರು. ಅದನ್ನು ಅಳಿಸಿ, ಹೆಡ್ ಗ್ಯಾಸ್ಕೆಟ್ ಬದಲಿಸಿದ ನಂತರ, ರಾತ್ರಿಯಿಡೀ ನಿಂತ ಎಂಜಿನ್ನಿನ ಮೊದಲ ಸ್ಟಾರ್ಟ್‌ನಲ್ಲಿ 3ನೇ ಸಿಲಿಂಡರ್ ಮಿಸ್‌ಫೈರ್ ಆಗುತ್ತಿದೆ, ಬಿಳಿ ಹೊಗೆ ಬರುತ್ತಿದೆ, ಹೊರಗೆಲ್ಲೂ ಸೋರದೆಯೇ ಕೂಲಂಟ್ ಕಡಿಮೆಯಾಗುತ್ತಿದೆ, ಕೋಡ್ ಅಳಿಸುವ ಮುನ್ನ ಮುದ್ರಿಸಿ ಕೊಡಬೇಕು ಎಂದು ಬರೆಸಿದೆ. ‘ಜನರಲ್ ಚೆಕಪ್’ ಎಂದಿದ್ದರೆ ಅದು ಹೊಸ ದೂರಾಗುತ್ತದೆ, ಹಿಂದಿನ ರಿಪೇರಿಗೂ ಅದಕ್ಕೂ ಕಾಗದದಲ್ಲಿ ಸಂಬಂಧವೇ ಉಳಿಯುವುದಿಲ್ಲ. ವಾರಂಟಿ ಅವಧಿ ಮುಗಿಯುವ ಹೊತ್ತಿಗೆ ಇಂಥ ಒಂದು ಸಾಲಿನಿಂದಲೇ ಹಣ ಯಾರು ಕೊಡಬೇಕು ಎಂಬುದು ತೀರ್ಮಾನವಾಗುತ್ತದೆ. ನಾನು ಇನ್ನೊಂದು ಕೇಳಿಕೊಂಡದ್ದು, ಕಾರು ರಾತ್ರಿ ಅಲ್ಲೇ ನಿಲ್ಲಲಿ, ಬೆಳಿಗ್ಗೆ ನಾನು ಬರುವ ತನಕ ಯಾರೂ ಅದನ್ನು ಸ್ಟಾರ್ಟ್ ಮಾಡದಿರಲಿ ಎಂದು.

ಬೆಳಿಗ್ಗೆ ಕೌಂಟರ್‌ನ ಬದಲು ವರ್ಕ್‌ಶಾಪ್‌ನೊಳಗೆ ನಿಂತು ಟೆಕ್ನಿಷಿಯನ್ ಜೊತೆಗೇ ಮಾತನಾಡಿದೆ. ಅವರು ಹಿಂದಿನ ಸಂಜೆ ಕೂಲಿಂಗ್ ವ್ಯವಸ್ಥೆಗೆ ಒತ್ತಡ ಕೊಟ್ಟು ಹಾಗೆಯೇ ಬಿಟ್ಟಿದ್ದರು, ಗೇಜ್‌ನ ಮುಳ್ಳು ಕೆಳಗಿಳಿದಿತ್ತು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಬೋರ್‌ಸ್ಕೋಪ್‌ನ ಸಣ್ಣ ಕ್ಯಾಮೆರಾವನ್ನು ಒಂದೊಂದೇ ರಂಧ್ರಕ್ಕೆ ಇಳಿಸಿದರು. ಉಳಿದ ಸಿಲಿಂಡರ್‌ಗಳ ಪಿಸ್ಟನ್ ತಲೆಯ ಮೇಲೆ ಇಂಗಾಲದ ಕಪ್ಪು ಪದರ ಎಂದಿನಂತೆ ಕೂತಿತ್ತು. ಮೂರನೆಯದರಲ್ಲಿ ಮಾತ್ರ ಪಿಸ್ಟನ್ನಿನ ಒಂದು ಬದಿ ತಿಕ್ಕಿ ತೊಳೆದಂತೆ ಬೆಳ್ಳಗಿತ್ತು, ಅದರ ಅಂಚಿನಲ್ಲಿ ಹನಿಗಳು ನಿಂತಿದ್ದವು. ಒಳಗೆ ಬಂದ ಕೂಲಂಟ್ ಆವಿಯಾಗಿ ಇಂಗಾಲವನ್ನು ಕಳಚುತ್ತದೆ. ಇಂಥ ಬಿಳುಪು ಗ್ಯಾಸ್ಕೆಟ್ ಸೋರಿಕೆಯ ಪ್ರಸಿದ್ಧ ಗುರುತು. ಟೆಕ್ನಿಷಿಯನ್ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ‘ಹೆಡ್ ಮತ್ತೆ ಬಿಚ್ಚಬೇಕು’ ಎಂದರು. ಅಷ್ಟು ದಿನ ಯಾರ ಬಾಯಿಂದಲೂ ಬಾರದಿದ್ದ ನೇರವಾದ ಮಾತು ಅವರಿಂದ ಬಂತು, ಅದಕ್ಕಾಗಿ ನಾನು ಅವರಿಗೆ ಇಂದಿಗೂ ಕೃತಜ್ಞ.

ಸೋರಿಕೆ ಒಪ್ಪಿಕೊಂಡ ಮೇಲೆ ಕಾರಣದ ಚರ್ಚೆ ಶುರುವಾಯಿತು. ಹೊಸ ಗ್ಯಾಸ್ಕೆಟ್ಟೇ ದೋಷಪೂರಿತವಾಗಿರಬಹುದು ಎಂದು ಸರ್ವಿಸ್ ಮ್ಯಾನೇಜರ್ ಹೇಳಿದರು. ಇರಬಹುದು, ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಮೊದಲ ಸಲ ಹೆಡ್ಡಿನ ಸಮತಟ್ಟನ್ನು ಅಳೆದಿದ್ದರೇ ಎಂಬುದು. ಹೆಡ್ಡಿನ ಮೇಲೆ ಅಡ್ಡಡ್ಡವಾಗಿ, ಮೂಲೆಯಿಂದ ಮೂಲೆಗೆ ಸ್ಟ್ರೈಟ್ ಎಡ್ಜ್ ಎಂಬ ನೇರ ಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ತೂರಿಸಿ ನೋಡುತ್ತಾರೆ. ಹಲವು ಎಂಜಿನ್‌ಗಳಲ್ಲಿ 0.05 ಮಿಲಿಮೀಟರ್ ಆಸುಪಾಸಿನ ಬಾಗನ್ನಷ್ಟೇ ಒಪ್ಪುತ್ತಾರೆ. ಅಳತೆಯ ದಾಖಲೆ ಅವರ ಬಳಿ ಇರಲಿಲ್ಲ. ಬಹಳಷ್ಟು ಎಂಜಿನ್‌ಗಳಲ್ಲಿ ಹೆಡ್ ಬೋಲ್ಟ್‌ಗಳನ್ನು ಒಮ್ಮೆ ಬಿಗಿದರೆ ಅವು ಎಳೆದುಕೊಂಡಿರುತ್ತವೆ, ಮತ್ತೆ ಬಳಸುವಂತಿಲ್ಲ. ಹಿಂದಿನ ರಿಪೇರಿಯ ಬಿಡಿಭಾಗಗಳ ಪಟ್ಟಿಯಲ್ಲಿ ಗ್ಯಾಸ್ಕೆಟ್ ಇತ್ತು, ಬೋಲ್ಟ್‌ಗಳಿರಲಿಲ್ಲ. ಆ ಪಟ್ಟಿಯನ್ನು ಮೇಜಿನ ಮೇಲಿಟ್ಟು, ನಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿ ಈ ಬಗ್ಗೆ ಏನು ಹೇಳುತ್ತದೆ ಎಂದು ಕೇಳಿದೆ. ಅವರು ಕಂಪ್ಯೂಟರ್‌ನಲ್ಲಿ ಕೈಪಿಡಿ ತೆರೆದು ಓದಿದರು. ಅದರ ನಂತರ ಗ್ಯಾಸ್ಕೆಟ್ ದೋಷದ ಮಾತು ಮುಂದುವರಿಯಲಿಲ್ಲ.

ಎರಡನೆಯ ರಿಪೇರಿಯಲ್ಲಿ ಹೆಡ್ಡನ್ನು ಅಳೆದು, ಮೇಲ್ಮೈ ಸಮಗೊಳಿಸಿ, ಹೊಸ ಗ್ಯಾಸ್ಕೆಟ್ ಮತ್ತು ಹೊಸ ಬೋಲ್ಟ್‌ಗಳನ್ನು ಹಾಕಿದರು. ಅಳತೆಯ ಹಾಳೆಯನ್ನೂ ಕೊಟ್ಟರು. ಗ್ಲೈಕಾಲ್ ಬೆರೆತ ಎಣ್ಣೆ ಬೇರಿಂಗ್‌ಗಳನ್ನು ಕೆಡಿಸುವುದರಿಂದ ಎಂಜಿನ್ ಆಯಿಲ್ ಹಾಗೂ ಫಿಲ್ಟರ್ ಬದಲಿಸಲೇಬೇಕು ಎಂದೆ, ಅದಕ್ಕೂ ಒಪ್ಪಿದರು. ಕ್ಯಾಟಲಿಟಿಕ್ ಕನ್ವರ್ಟರ್ ಬಗ್ಗೆ ಮಾತ್ರ ಒಮ್ಮತ ಮೂಡಲಿಲ್ಲ. ಅವರ ರಿಪೇರಿಯಿಂದಲೇ ಅದರೊಳಗೆ ಸುಡದ ಇಂಧನವೂ ಕೂಲಂಟ್‌ನ ಶೇಷವೂ ಹೋಗಿರುವಾಗ, ಮುಂದೆ ಅದು ಕೆಟ್ಟರೆ ಹೊಣೆ ಅವರದೇ ಎಂದು ಬರೆದುಕೊಡಿ ಎಂದು ಕೇಳಿದೆ. ಈಗ ಕೆಲಸ ಮಾಡುತ್ತಿರುವ ಭಾಗಕ್ಕೆ ಭರವಸೆ ಕೊಡಲಾಗದು ಎಂದರು. ಕೊನೆಗೆ, ಮಿಸ್‌ಫೈರ್ ಆದ ಸಂಗತಿಯನ್ನೂ ಅದರ ಕಾರಣವನ್ನೂ ಕಾರಿನ ಸರ್ವಿಸ್ ದಾಖಲೆಯಲ್ಲಿ ಬರೆದು ಪ್ರತಿ ಕೊಟ್ಟರು. ಎಂಜಿನ್ ಈಗ ಬೆಳಿಗ್ಗೆಯೂ ಸದ್ದಿಲ್ಲದೆ ಸ್ಟಾರ್ಟ್ ಆಗುತ್ತಿದೆ, ಕೂಲಂಟ್ ಇಳಿಯುತ್ತಿಲ್ಲ. ಕನ್ವರ್ಟರ್‌ನ ಹೊಣೆಯ ಬಗ್ಗೆ ತಯಾರಕರಿಗೆ ಬರೆದ ಪತ್ರಕ್ಕೆ ಉತ್ತರ ಇನ್ನೂ ಬರಬೇಕಿದೆ.