‘ಇಂಥಾ ಸಿನಿಮಾ ಕಲಬುರಗಿಯಾಗ ಯಾರು ನೋಡ್ತಾರ್ರೀ?’

ತಿಂಗಳಿಗೊಂದು ಸ್ವತಂತ್ರ ಚಿತ್ರವನ್ನು ಕಲಬುರಗಿಯಲ್ಲಿ ತೋರಿಸಲು ನಾವು ಕೆಲವು ಗೆಳೆಯರು ಆರಂಭಿಸಿದಾಗಿನಿಂದ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಹೆಸರಾಂತ ನಟರಿಲ್ಲದ, ದೊಡ್ಡ ಸಂಸ್ಥೆಯ ಹಣದ ಬಲವಿಲ್ಲದ ಚಿತ್ರಕ್ಕೆ ಜನರನ್ನು ಹೇಗೆ ಸೇರಿಸುತ್ತೀರಿ ಎಂದು ಕೇಳುವವರಲ್ಲಿ ಹಲವರು, ಇಲ್ಲಿನವರಿಗೆ ಅಂಥ ಅಭಿರುಚಿಯಿಲ್ಲವೆಂದು ಮೊದಲೇ ತೀರ್ಮಾನಿಸಿರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕೆ.ವಿ. ಸುಬ್ಬಣ್ಣನವರ ಹೆಗ್ಗೋಡಿನಲ್ಲಿ ನೀನಾಸಮ್ ರಂಗಸಂಸ್ಥೆಯ ಚಿತ್ರಸಮಾಜವು 1970ರ ದಶಕದಲ್ಲಿಯೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟಿತು, ಅವರು ಕುಳಿತು ನೋಡಿದರು. ನಮ್ಮಲ್ಲಿ ಕೊರತೆಯಿರುವುದು ಸಮಯದ್ದು. ದೊಡ್ಡ ಪ್ರಚಾರವಿಲ್ಲದ ಚಿತ್ರ ಬಾಯಿಂದ ಬಾಯಿಗೆ ಹರಡಬೇಕು. ಆ ಮಾತು ಒಂದು ಓಣಿ ದಾಟುವಷ್ಟರಲ್ಲಿ ಚಿತ್ರಮಂದಿರದಿಂದ ಅದನ್ನು ತೆಗೆದುಹಾಕಿರುತ್ತಾರೆ. ಆದ್ದರಿಂದಲೇ ನಾವು ಜಾಗ, ವಾರ, ವೇಳೆಯನ್ನು ನಿಗದಿಪಡಿಸಿಕೊಂಡು, ಹತ್ತು ಜನ ಬಂದರೂ ಪ್ರದರ್ಶನ ನಿಲ್ಲಿಸದೆ ನಡೆಸಿಕೊಂಡು ಬಂದೆವು.

ಆದರೂ ಬರುತ್ತಿದ್ದವರು ಕಾಲೇಜಿನ ಉಪನ್ಯಾಸಕರು, ನಾಟಕದವರು, ಬರಹಗಾರರು ಮಾತ್ರ. ಅದನ್ನು ಬದಲಿಸಿದ್ದು ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’. ನಮ್ಮ ಭಾಗದ್ದೇ ಆದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಊರಿನವರನ್ನೇ ನಟರನ್ನಾಗಿಸಿ ತಯಾರಿಸಿದ ಈ ಚಿತ್ರಕ್ಕೆ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತ್ತು. ನಮ್ಮ ಕರಪತ್ರದಲ್ಲಿ ಪ್ರಶಸ್ತಿಯ ಹೆಸರನ್ನು ಕೆಳಗಿಟ್ಟು, ‘ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಣ್ಣುಮಗಳೊಬ್ಬಳ ಕಥೆ’ ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ, ಬಿಸಿಯೂಟದ ಅಡುಗೆಯವರ ಮನೆಗಳಿಗೆ ನಾವೇ ಹೋಗಿ ಕರೆದೆವು. ಹದಿನಾಲ್ಕು ಮಂದಿ ಬಂದರು. ಬೇಗ ಹಣ ಗಳಿಸುವ ಆಸೆಯಿಂದ ಒಬ್ಬರು ಮತ್ತೊಬ್ಬರನ್ನು ಸೇರಿಸುತ್ತಾ ಹೋಗುವ ಚೈನ್ ವ್ಯಾಪಾರಕ್ಕಿಳಿದ ಶಿವಮ್ಮನ ದುಡುಕನ್ನು ಉಪನ್ಯಾಸಕರೊಬ್ಬರು ಚರ್ಚೆಯಲ್ಲಿ ಟೀಕಿಸುತ್ತಿದ್ದಾಗ, ಹಿಂದಿನ ಸಾಲಿನ ಹಿರಿಯ ಹೆಣ್ಣುಮಗಳೊಬ್ಬರು ಸೆರಗು ಸರಿಪಡಿಸಿಕೊಂಡು ಎದ್ದು, “ಸರ್, ಗಂಡ ಹಾಸಿಗಿ ಹಿಡದಾನ, ದುಡಿಯಾಕಿ ಆಕಿ ಒಬ್ಬಾಕಿನೇ. ಆಕಿ ಮತ್ತೇನ್ ಮಾಡ್ಬೇಕಿತ್ತು, ನೀವೇ ಹೇಳ್ರಿ” ಎಂದರು. ಆ ಸಂಜೆಯ ಚರ್ಚೆ ಚಿತ್ರದಷ್ಟೇ ಹೊತ್ತು ನಡೆಯಿತು. ಮುಂದಿನ ತಿಂಗಳು ಆಕೆ ತಮ್ಮ ಓಣಿಯ ಐವರನ್ನು ಕರೆದುಕೊಂಡು ಬಂದರು.

ನಿರ್ಮಾಪಕರ ಅನುಮತಿಯಿಲ್ಲದೆ, ಅವರು ಕೇಳಿದ ಶುಲ್ಕ ಕೊಡದೆ ನಾವು ಯಾವ ಚಿತ್ರವನ್ನೂ ತೋರಿಸುವುದಿಲ್ಲ. 2013ರ ‘ಲೂಸಿಯಾ’ ಪ್ರೇಕ್ಷಕರೇ ಹಾಕಿದ ಹಣದಿಂದ ತಯಾರಾಯಿತು. ಟಿಕೆಟ್ಟಿಗೆ ಐವತ್ತು ರೂಪಾಯಿ ಕೊಡುವವರೂ ಅದೇ ಬಗೆಯ ಪಾಲುದಾರರೆಂದು ನಾನು ಭಾವಿಸುತ್ತೇನೆ.

ಪ್ರದರ್ಶನದ ವೇಳೆ ಬದಲಾದದ್ದೂ ಆ ಹೆಣ್ಣುಮಕ್ಕಳಿಂದಲೇ. ಸಂಜೆ ಆರೂವರೆಗೆ ಸಿನಿಮಾ ಆರಂಭವಾದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಎಂದು ಅವರು ಕೇಳಿದ್ದರಿಂದ, ಈಗ ಭಾನುವಾರ ಮಧ್ಯಾಹ್ನ ಮೂರಕ್ಕೆ ತೋರಿಸುತ್ತೇವೆ. ನಮ್ಮೂರಿನ ಬಿಸಿಲಿಗೆ ಹೆದರಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಾತ್ರ ಬೆಳಿಗ್ಗೆ ಹತ್ತಕ್ಕೆ.